ಪದ ಪರಿಚಯ: ಎರಡನೆಯ ವಿಪತ್ತು

ನೆರೆಯೋ ಭೂಕಂಪವೋ ಬಂದ ಊರಿಗೆ, ಯಾರೂ ಕೇಳದಿದ್ದರೂ ಬಂದು ಬೀಳುವ ನೆರವಿನ ರಾಶಿಗೆ ಪರಿಹಾರ ಕೆಲಸದವರು ಇಟ್ಟ ಹೆಸರು ‘ಎರಡನೆಯ ವಿಪತ್ತು’. ಹಳೆ ಬಟ್ಟೆ, ಅವಧಿ ಮೀರಿದ ಮಾತ್ರೆ, ಹಳಸುವ ತಿಂಡಿ, ನೀರಿನ ಬಾಟಲಿ. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಲಾರಿಗೆ ಜಾಗ, ಇಳಿಸಲು ಆಳು, ಸೋರದ ಗೋದಾಮು ಮೂರೂ ಇಲ್ಲದಲ್ಲಿ ಈ ರಾಶಿ ನಡೆಯುತ್ತಿದ್ದ ಕೆಲಸವನ್ನೂ ನಿಲ್ಲಿಸುತ್ತದೆ.

‘ಏನೂ ಇಲ್ಲದವರಿಗೆ ಏನಾದರೂ ಆದೀತು’ ಎಂಬ ಎಣಿಕೆಯೇ ಇದರ ಬೇರು. ಊರು ಬಡವಾದಷ್ಟೂ ಈ ಎಣಿಕೆ ಗಟ್ಟಿಯಾಗುತ್ತದೆ. ಕೆರಿಬಿಯನ್ ಕಡಲಿನ ಬಡ ದೇಶ ಹೈಟಿಯನ್ನೇ ನೋಡಿ: 2008ರಲ್ಲಿ ಧಾನ್ಯದ ಬೆಲೆ ಏರಿದಾಗ ಅಲ್ಲಿನ ಮಣ್ಣಿನ ಬಿಲ್ಲೆಗಳ ಚಿತ್ರ ಲೋಕವೆಲ್ಲ ಹರಡಿತು. ಹಳದಿ ಜೇಡಿಮಣ್ಣನ್ನು ಜರಡಿ ಹಿಡಿದು, ಉಪ್ಪು, ನೀರು, ಒಂದಿಷ್ಟು ವನಸ್ಪತಿ ತುಪ್ಪ ಸೇರಿಸಿ ಕಲಸಿ, ಹಪ್ಪಳದ ಹಾಗೆ ಬಿಸಿಲಿಗೆ ಹರವುತ್ತಾರೆ. ಬಸುರಿಯರು ಮೊದಲಿನಿಂದಲೂ ತಿನ್ನುತ್ತಿದ್ದ ಪದಾರ್ಥ ಅದು. ನಮ್ಮಲ್ಲೂ ಬಸುರಿಗೆ ಮಣ್ಣಿನ ಬಯಕೆ ಹುಟ್ಟುವುದುಂಟು. ಆ ವರ್ಷ ಜನ ಹಸಿವಿಗೇ ತಿಂದರು, ಅದೂ ಕಾಸು ಕೊಟ್ಟು ಕೊಂಡು.

ಚಿತ್ರ ನೋಡಿದವರು ಅಯ್ಯೋ ಎಂದರು. ಅಕ್ಕಿ ಬೆಳೆಯುವ ದೇಶಕ್ಕೆ ಅನ್ನ ಏಕೆ ತುಟ್ಟಿಯಾಯಿತೆಂದು ಕೇಳಿದವರು ಕಡಿಮೆ. 1990ರ ದಶಕದ ಮಧ್ಯದಲ್ಲಿ ಆಮದು ಅಕ್ಕಿಯ ಸುಂಕ ಶೇ. 3ಕ್ಕೆ ಇಳಿದು, ಅಮೆರಿಕದ ಅಗ್ಗದ ಅಕ್ಕಿ ಅಲ್ಲಿನ ರೈತರ ಬೆನ್ನು ಮುರಿಯಿತು. ಅದು ತಪ್ಪಾಗಿತ್ತೆಂದು, ಆಗ ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ 2010ರ ಮಾರ್ಚಿನಲ್ಲಿ ಅಲ್ಲಿನ ಸಂಸತ್ತಿನ ಸೆನೆಟ್ ಸಮಿತಿಯ ಮುಂದೆ ಒಪ್ಪಿಕೊಂಡರು. ಬಟ್ಟೆಯದೂ ಇದೇ ಪಾಡು: ‘ಪೆಪೆ’ ಎಂದು ಕರೆಯುವ ಹಳೆ ಬಟ್ಟೆ ಮೂಟೆಗಟ್ಟಲೆ ಬಂದು ದರ್ಜಿಗಳ ಕೆಲಸ ಹೋಯಿತು. 2010ರ ಜನವರಿ 12ರ ಭೂಕಂಪದಲ್ಲಿ ಬಂದರು ಮುರಿದಾಗ ರಾಜಧಾನಿಯ ವಿಮಾನ ನಿಲ್ದಾಣದಲ್ಲಿ ಇದ್ದದ್ದು ಒಂದೇ ರನ್‌ವೇ. ಅಲ್ಲಿ ಬೇಡದ ಪೆಟ್ಟಿಗೆ ಇಳಿದರೆ ಬೇಕಾದ ಔಷಧಿ ಕಾಯಬೇಕು.

ನಮ್ಮ ಹತ್ತಿರದ್ದೇ ಬೇಕೆಂದರೆ, 2004ರ ಸುನಾಮಿಯ ನಂತರ ನಾಗಪಟ್ಟಣದ ರಸ್ತೆಬದಿ ಹಳೆ ಬಟ್ಟೆ ಗುಡ್ಡೆಯಾಗಿ ಬಿದ್ದಿತ್ತು. ಮೀನುಗಾರರು ಅದನ್ನು ಮುಟ್ಟಲಿಲ್ಲ. ಮನೆ ಹೋಗಿತ್ತು, ಮರ್ಯಾದೆ ಹೋಗಿರಲಿಲ್ಲ.

ಕಾರವಾರ, ಅಂಕೋಲಾ, ಕುಮಟಾ ಕಡೆ ನೆರೆ ಬರುವುದು ಹೆಚ್ಚಾಗಿ ಜುಲೈ, ಆಗಸ್ಟಿನಲ್ಲಿ. ಸರಿಯಾಗಿ ಒಣಗದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಕೆಲವೇ ದಿನದಲ್ಲಿ ಬೂಸ್ಟು. ಇಂಥ ಮೂಟೆ ಬಿಚ್ಚಿದರೆ ಸಿಗುವುದು ಒಂಟಿ ಚಪ್ಪಲಿ, ಜಿಪ್ಪು ಹೋದ ಪ್ಯಾಂಟು, ಮದುವೆಯ ಕೋಟು. ಕಾಳಜಿ ಕೇಂದ್ರದ ಹೆಂಗಸರಿಗೆ ಮೊದಲ ರಾತ್ರಿಯೇ ಬೇಕಾದದ್ದು ಹೊಸ ಒಳಉಡುಪು, ಪ್ಯಾಡು, ನೈಟಿ, ಟವೆಲು. ಸಂಕೋಚಕ್ಕೆ ಬಾಯಿಬಿಟ್ಟು ಕೇಳುವುದಿಲ್ಲ. ಆಶಾ ಕಾರ್ಯಕರ್ತೆಯ ಮೂಲಕ ಅಳತೆ ಸಮೇತ ಪಟ್ಟಿ ಮಾಡಿಸಬೇಕು.

ನೀರಿನ ಲೆಕ್ಕ ನೋಡಿ. ಕುಡಿಯಲು, ಅಡುಗೆಗೆ, ಮೈ ತೊಳೆಯಲು ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಎಂಬುದು ಪರಿಹಾರ ಕೆಲಸಕ್ಕೆ ಲೋಕವೆಲ್ಲ ಬಳಸುವ ‘ಸ್ಫಿಯರ್’ ಮಾನದಂಡ. ಒಂದು ಲೀಟರಿನ 12 ಬಾಟಲಿಯ ಪೆಟ್ಟಿಗೆ ಒಬ್ಬರ ಒಂದು ದಿನಕ್ಕೂ ಸಾಲದು. ಅದರ ಬದಲು ಬಾವಿ ಸರಿಮಾಡಬಹುದು: ನೀರು ಖಾಲಿ ಮಾಡಿ, ಕೆಸರು ತೆಗೆದು, ತಿಳಿನೀರು ಬಂದ ಮೇಲೆ 1000 ಲೀಟರಿಗೆ ಸುಮಾರು 2.5 ಗ್ರಾಂ ಬ್ಲೀಚಿಂಗ್ ಪೌಡರ್ ಹಾಕಿ, ಕನಿಷ್ಠ ಒಂದು ಗಂಟೆ ಬಿಡಬೇಕು. ಕಲಕಿದ ನೀರಿಗೆ ಈ ಪ್ರಮಾಣ ಸಾಲದು. ತೇವ ತಾಗಿದ ಹಳೆ ಪುಡಿಗೆ ಕಸುವಿಲ್ಲ. ಕ್ಲೋರಿನ್ ಉಳಿದಿದೆಯೇ ಎಂದು ಆರೋಗ್ಯ ಇಲಾಖೆಯವರಿಂದ ಪರೀಕ್ಷೆ ಮಾಡಿಸಿಯೇ ಕುಡಿಯಲು ಕೊಡಿ.

ಸಾಮಾನು ಕಳಿಸಲೇಬೇಕೆಂದರೆ ಮೊದಲು ಅಲ್ಲಿಗೆ ಫೋನ್ ಮಾಡಿ. ಒಂದು ಚೀಲದಲ್ಲಿ ಒಂದೇ ಬಗೆಯ ಸಾಮಾನು, ಒಬ್ಬರು ಎತ್ತುವಷ್ಟೇ ಭಾರ. ಒಳಗಿರುವುದೇನು, ಎಷ್ಟು, ಯಾವ ಅಳತೆ ಎಂದು ಪಕ್ಕದಲ್ಲಿ ಬರೆಯಿರಿ. ಮೇಲೆ ಬರೆದರೆ ಪೇರಿಸಿದಾಗ ಕಾಣುವುದಿಲ್ಲ. ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತಲ್ಲ, ಅಂಥ ಹೊತ್ತಿನಲ್ಲಿ ಆ ದಾರಿಗೆ ಲಾರಿ ನುಗ್ಗಿಸಲೇಬೇಡಿ. ಹಣ ಕಳಿಸಿದರೆ ಕುಚಲಕ್ಕಿ ಅಲ್ಲೇ ಸಿಗುತ್ತದೆ, ನೆರೆಯಲ್ಲಿ ನಷ್ಟವಾದ ಅಂಗಡಿಯವನಿಗೂ ವ್ಯಾಪಾರ ಆಗುತ್ತದೆ.

ನೀರಿಳಿದ ವಾರಕ್ಕೆ ಹಾರೆ, ಬುಟ್ಟಿ, ಗಮ್ ಬೂಟು, ಫಿನಾಯಿಲು ಬೇಕು. ತಿಂಗಳಿಗೆ ಪಾತ್ರೆ, ಮಕ್ಕಳ ಪಾಟಿಚೀಲ, ಬಲೆ. ಅಷ್ಟು ಹೊತ್ತಿಗೆ ಲಾರಿಗಳು ಬರುವುದು ನಿಂತಿರುತ್ತದೆ.