ನಾಮಪತ್ರಕ್ಕೆ ಮೊದಲು ರಸೀದಿ

ಕಾಸರಗೋಡಿನಲ್ಲಿ ವಕೀಲಿ ವೃತ್ತಿ ನಡೆಸುತ್ತಿರುವ ನನ್ನನ್ನು ವೈದ್ಯರು, ಎಂಜಿನಿಯರರು, ತೆರಿಗೆ ಸಲಹೆಗಾರರು, ಛಾಯಾಗ್ರಾಹಕರು ಮುಂತಾದವರ ಸಂಘಗಳು ಆಗಾಗ ಚುನಾವಣಾಧಿಕಾರಿಯಾಗಿ ಕರೆಯುತ್ತವೆ. ಅಧ್ಯಕ್ಷ ಸ್ಥಾನಕ್ಕೋ ಕಾರ್ಯದರ್ಶಿ ಸ್ಥಾನಕ್ಕೋ ನಿಲ್ಲಬೇಕೆಂದಿರುವವರು ಸಲಹೆ ಕೇಳಿಕೊಂಡು ಕಚೇರಿಗೆ ಬರುವುದೂ ಉಂಟು. ನಾನು ಚುನಾವಣಾಧಿಕಾರಿಯಾಗಿರುವ ಸಂಘದವರಿಗೆ ಸಲಹೆ ಕೊಡುವುದಿಲ್ಲ, ಉಳಿದವರಿಗೆ ಕೊಡುತ್ತೇನೆ. ಮಂಜೇಶ್ವರದ ಕಡೆ ಎಷ್ಟು ಮತ, ಮುಳ್ಳೇರಿಯದ ಕಡೆ ಎಷ್ಟು, ಹೊಸದುರ್ಗದವರು ಯಾರ ಮಾತು ಕೇಳುತ್ತಾರೆ ಎಂಬ ಲೆಕ್ಕವೆಲ್ಲ ಅವರಿಗೆ ಬಾಯಿಪಾಠ. ನಿಮ್ಮ ಸದಸ್ಯತ್ವದ ವಂತಿಗೆ ಸಂದಾಯವಾಗಿದೆಯೇ, ನಿಮ್ಮ ಹೆಸರನ್ನು ಮುಂದಿಡುವ ಸೂಚಕರದ್ದು ಆಗಿದೆಯೇ, ಅದನ್ನು ಬೆಂಬಲಿಸಿ ರುಜು ಹಾಕುವ ಅನುಮೋದಕರದ್ದು ಆಗಿದೆಯೇ, ರಸೀದಿ ಎಲ್ಲಿದೆ ಎಂದು ಕೇಳಿದಾಗ ಮಾತ್ರ ಮುಖದಲ್ಲಿ ಬೇಸರ ಕಾಣಿಸುತ್ತದೆ. "ನಾನು ಇಪ್ಪತ್ತೆರಡು ವರ್ಷದಿಂದ ಮೆಂಬರ್, ವಕೀಲರೇ" ಎಂಬುದು ಸಾಮಾನ್ಯವಾಗಿ ಬರುವ ಉತ್ತರ.

ಈ ಉತ್ತರವನ್ನು ಕೇಳಿದಾಗಲೆಲ್ಲ ನನಗೆ ಒಬ್ಬ ವೈದ್ಯರ ನೆನಪಾಗುತ್ತದೆ. ಗ್ರಾಮಾಂತರದಲ್ಲಿ ದುಡಿದವರು, ರಾತ್ರಿ ಎರಡು ಗಂಟೆಗೆ ಕರೆದರೂ ಬರುವವರೆಂದು ಹೆಸರು ಪಡೆದವರು. ಸ್ಪರ್ಧೆಗೆ ನಿಂತರೆ ಗೆಲ್ಲುವುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ನಾಮಪತ್ರ ಪರಿಶೀಲನೆಯ ದಿನ ಬೆಳಗ್ಗೆ ನಾನು ರೂಢಿಯಂತೆ ಮೊದಲು ರಸೀದಿ ಪುಸ್ತಕವನ್ನು ತರಿಸಿಕೊಂಡೆ. ವೈದ್ಯರ ವಂತಿಗೆ ಸರಿಯಾಗಿತ್ತು, ಸೂಚಕರದ್ದೂ ಸರಿಯಾಗಿತ್ತು. ಅನುಮೋದಕರ ಹೆಸರಿನಲ್ಲಿ ಆ ವರ್ಷದ ಸರಿಯಾದ ರಸೀದಿ ಇರಲಿಲ್ಲ. ಪುಸ್ತಕದ ಕೊನೆಯ ಹಾಳೆಯಲ್ಲಿ, ಕಾರ್ಬನ್ನಿನ ನೀಲಿ ಇನ್ನೂ ಬೆರಳಿಗೆ ಅಂಟುವಂತಿದ್ದ ಅವರ ಹೆಸರಿನ ಒಂದು ಪ್ರತಿಯಲ್ಲಿ, ಹಿಂದಿನ ದಿನ ಬರೆದ ತಾರೀಕನ್ನು ತಿದ್ದಿ ಎರಡು ತಿಂಗಳು ಹಿಂದಕ್ಕೆ ಒಯ್ಯಲಾಗಿತ್ತು. ಅದರ ಹಿಂದಿನ ರಸೀದಿಯ ತಾರೀಕು ಅದಕ್ಕಿಂತ ಈಚಿನದು. ಯಾರೋ ಸ್ನೇಹಿತರು ಸಹಾಯ ಮಾಡಲು ಹೋಗಿ ಮಾಡಿದ ಕೆಲಸವದು. ನಾನು ನಾಮಪತ್ರವನ್ನು ತಿರಸ್ಕರಿಸಬೇಕಾಯಿತು. ಅನುಮೋದಕರು ಹೊರಗೆ ಜಗಲಿಯಲ್ಲಿ ಕುಳಿತು "ನನ್ನಿಂದಾಗಿ ಹೋಯಿತಲ್ಲ" ಎಂದು ಹೇಳುತ್ತಲೇ ಇದ್ದರು. ಬಾಕಿಯಿದ್ದದ್ದು ಮುನ್ನೂರು ರೂಪಾಯಿ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದುದರಿಂದ, ನಮ್ಮ ಕಡೆಯ ಸಂಘಗಳು 1860ರ ಸೊಸೈಟಿ ನೋಂದಣಿ ಕಾಯ್ದೆಯ ಅಡಿಯಲ್ಲಿ ಬರುತ್ತವೆ. ಹಳೆಯ ತಿರುವಾಂಕೂರು-ಕೊಚ್ಚಿ ಪ್ರದೇಶಕ್ಕೆ 1955ರ ಬೇರೆಯೇ ಕಾಯ್ದೆಯಿದೆ. 1860ರ ಕಾಯ್ದೆಯ 15ನೆಯ ಕಲಮು ಸದಸ್ಯನೆಂದರೆ ಯಾರು ಎಂಬುದನ್ನು ಹೇಳುತ್ತದೆ: ನಿಯಮಾನುಸಾರ ಸೇರ್ಪಡೆಗೊಂಡು, ವಂತಿಗೆ ಕೊಟ್ಟ ಅಥವಾ ಸದಸ್ಯರ ಪಟ್ಟಿಗೆ ರುಜು ಹಾಕಿದ, ರಾಜೀನಾಮೆ ಕೊಡದ ವ್ಯಕ್ತಿ. ನಮ್ಮ ಹಿರಿಯ ಸದಸ್ಯರು ಇಲ್ಲಿಯವರೆಗೆ ಓದಿ ನಿಲ್ಲಿಸುತ್ತಾರೆ. ಆದರೆ ಅದೇ ವಾಕ್ಯ ಮುಂದುವರಿದು, ವಂತಿಗೆಯನ್ನು ಮೂರು ತಿಂಗಳಿಗಿಂತ ಹೆಚ್ಚು ಕಾಲ ಬಾಕಿಯಿರಿಸಿಕೊಂಡವನಿಗೆ ಈ ಕಾಯ್ದೆಯ ಅಡಿಯ ನಡವಳಿಗಳಲ್ಲಿ ಮತ ಹಾಕುವ ಹಕ್ಕಿಲ್ಲ, ಅವನನ್ನು ಸದಸ್ಯನೆಂದು ಎಣಿಸುವಂತೆಯೂ ಇಲ್ಲ ಎನ್ನುತ್ತದೆ. ಇಪ್ಪತ್ತೆರಡು ವರ್ಷದ ಸದಸ್ಯತ್ವ ಅಳಿಸಿಹೋಗುವುದಿಲ್ಲ. ಆ ದಿನದ ಮಟ್ಟಿಗೆ ಅದು ಎಣಿಕೆಗೆ ಬರುವುದಿಲ್ಲ, ಅಷ್ಟೆ. ಎಣಿಕೆಗೇ ಬಾರದವರು ಇನ್ನೊಬ್ಬರ ಹೆಸರನ್ನು ಸೂಚಿಸುವುದು ಹೇಗೆ? "ಈ ಕಾಯ್ದೆಯ ಅಡಿಯ ನಡವಳಿ" ಎಂಬ ಮಾತು ಸಂಘದ ಒಳಗಿನ ಪ್ರತಿಯೊಂದು ಚುನಾವಣೆಗೂ ಅನ್ವಯಿಸುತ್ತದೆಯೇ ಎಂಬುದರಲ್ಲಿ ವಾದಕ್ಕೆ ಎಡೆಯಿದೆ ಎಂಬುದನ್ನೂ ನಾನು ಒಪ್ಪುತ್ತೇನೆ. ಆದರೆ ಹೆಚ್ಚಿನ ಸಂಘಗಳ ಬೈಲಾಗಳಲ್ಲಿ, ಅಂದರೆ ಒಳನಿಯಮಗಳಲ್ಲಿ, ಇದೇ ನಿಯಮವನ್ನು, ಕೆಲವೊಮ್ಮೆ ಇದಕ್ಕಿಂತ ಬಿಗಿಯಾಗಿ, ಪ್ರತ್ಯೇಕವಾಗಿ ಬರೆದುಕೊಂಡಿರುತ್ತಾರೆ. ಆದ್ದರಿಂದ ಮೊದಲು ನಿಮ್ಮ ಬೈಲಾವನ್ನು ನೋಡಿ, ಕಾಯ್ದೆಯನ್ನು ಆಮೇಲೆ ನೋಡಿ.

ಮೂರು ತಿಂಗಳನ್ನು ಯಾವ ದಿನದಿಂದ ಎಣಿಸಬೇಕು ಎಂಬಲ್ಲಿ ಎಲ್ಲರೂ ಎಡವುತ್ತಾರೆ. ಬೈಲಾದಲ್ಲಿ ವಂತಿಗೆಯನ್ನು ಏಪ್ರಿಲ್ 1ರಂದು ಕೊಡತಕ್ಕದ್ದು ಎಂದಿದ್ದರೆ, ಕೊಡದವರ ಬಾಕಿ ಜೂನ್ ಮುಗಿಯುವಾಗ ಮೂರು ತಿಂಗಳಾಗುತ್ತದೆ. ಜುಲೈ ಎರಡನೆಯ ವಾರದಲ್ಲಿ ನಾಮಪತ್ರ ಪರಿಶೀಲನೆಯಿದ್ದರೆ ಅವರು ಹೊರಗುಳಿಯುತ್ತಾರೆ. ಜೂನ್ 30ರೊಳಗೆ ಕೊಡತಕ್ಕದ್ದು ಎಂದಿದ್ದರೆ ಬಾಕಿ ಹುಟ್ಟುವುದೇ ಜುಲೈ 1ಕ್ಕೆ, ಹಾಗಾಗಿ ಸೆಪ್ಟೆಂಬರ್ ಕೊನೆಯವರೆಗೆ ಕಾಯ್ದೆಯ ತೊಡಕಿಲ್ಲ. ಒಂದೇ ಸಾಲಿನ ವ್ಯತ್ಯಾಸದಿಂದ ಒಬ್ಬರು ಅಭ್ಯರ್ಥಿಯಾಗುತ್ತಾರೆ, ಇನ್ನೊಬ್ಬರು ಆಗುವುದಿಲ್ಲ. ಆ ಸಾಲು ನಿಮ್ಮ ಬೈಲಾದಲ್ಲಿ ಹೇಗಿದೆಯೆಂದು ನಿಮಗೆ ಗೊತ್ತಿದೆಯೇ? ಕೇಂದ್ರ ಕಚೇರಿಯಿಂದ ಬಂದ ಬೈಲಾ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುವುದರಿಂದ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮ ಸದಸ್ಯರು "ಅದರಲ್ಲಿ ವಿಶೇಷ ಏನಿಲ್ಲ, ಇಲ್ಲಿ ಒಂದು ರುಜು ಹಾಕಿ" ಎಂದು ಹಿರಿಯರು ಹೇಳಿದ ಮಾತನ್ನು ನಂಬಿ ರುಜು ಹಾಕಿರುತ್ತಾರೆ. ವಂತಿಗೆ ಮತ್ತು ಚುನಾವಣೆಯ ಎರಡು ಅಧ್ಯಾಯಗಳನ್ನಾದರೂ ಕನ್ನಡಕ್ಕೆ ಮಾಡಿಸಿ ಎಲ್ಲರಿಗೂ ಹಂಚಿ ಎಂದು ನಾನು ಹೋದಲ್ಲೆಲ್ಲ ಬೇಡಿಕೊಳ್ಳುತ್ತೇನೆ.

ಆಜೀವ ಸದಸ್ಯರಿಗೆ ಈ ತೊಂದರೆಯಿಲ್ಲ ಎಂದು ಹೇಳುವವರಿದ್ದಾರೆ. ಪೂರ್ತಿ ನಿಜವಲ್ಲ. ರಾಜ್ಯ ಸಂಘಕ್ಕೆ ಆಜೀವ ವಂತಿಗೆ ಕಟ್ಟಿದವರು ಸ್ಥಳೀಯ ಘಟಕಕ್ಕೆ ವರ್ಷಂಪ್ರತಿ ಬೇರೆ ಮೊತ್ತ ಕಟ್ಟಬೇಕೆಂಬ ನಿಯಮ ಹಲವು ಕಡೆ ಇದೆ. ನಿಮ್ಮ ಘಟಕ ತಾನೇ ನೋಂದಣಿಯಾದ ಸಂಘವೋ, ದೂರದ ಕೇಂದ್ರ ಸಂಘದ ಒಂದು ಶಾಖೆಯೋ ಎಂಬುದನ್ನೂ ತಿಳಿದುಕೊಳ್ಳಬೇಕು, ಏಕೆಂದರೆ ಯಾವ ಕಾಯ್ದೆ, ಯಾವ ಬೈಲಾ ಎಂಬುದು ಅದರ ಮೇಲೆ ನಿಂತಿದೆ.

ಗೂಗಲ್ ಪೇ ಬಂದ ಮೇಲೆ ಹೊಸ ಗೊಂದಲವೊಂದು ಸೇರಿಕೊಂಡಿದೆ. ಖಜಾಂಚಿಯ ಸ್ವಂತ ನಂಬರಿಗೆ ಹಣ ಹಾಕಿ, ಮೊಬೈಲಿನ ಪರದೆಯ ಚಿತ್ರವನ್ನು ನನ್ನ ಮುಂದೆ ಹಿಡಿಯುತ್ತಾರೆ. ಹಣ ಹೋದದ್ದು ನಿಜ, ಆದರೆ ಅದು ವಂತಿಗೆಯೋ, ಕಳೆದ ತಿಂಗಳ ಪ್ರವಾಸದ ಪಾಲೋ, ಯಾರದೋ ಮದುವೆಗೆ ಸೇರಿ ಕೊಟ್ಟ ಉಡುಗೊರೆಯ ದುಡ್ಡೋ ಎಂಬುದನ್ನು ಆ ಚಿತ್ರ ಹೇಳುವುದಿಲ್ಲ. ಸಂಘದ ಹೆಸರಿನ ಖಾತೆಗೆ ಹಾಕಿ, ಅದೇ ವಾರ ರಸೀದಿ ಕೇಳಿ ತೆಗೆದುಕೊಳ್ಳಿ.

ಕೇಳುವುದಕ್ಕೆ ಸಂಕೋಚಪಡುವುದೇ ನಮ್ಮ ಊರಿನವರ ತೊಡಕು ಎಂಬುದು ನನಗೆ ಗೊತ್ತು. ಹಿರಿಯ ವೈದ್ಯರೊಬ್ಬರಲ್ಲಿ ಮುನ್ನೂರು ರೂಪಾಯಿ ಬಾಕಿಯಿದೆ ಎಂದು ಹೇಳುವುದು ಖಜಾಂಚಿಗೆ ಕಷ್ಟ. ತನಗೆ ಅನುಮೋದಕರಾಗಲು ಒಪ್ಪಿದವರ ರಸೀದಿ ನೋಡಬೇಕೆನ್ನುವುದು ಅಭ್ಯರ್ಥಿಗೆ ಇನ್ನೂ ಕಷ್ಟ. "ಹಾಗೆ ಕೇಳಿದರೆ ಅವರಿಗೆ ಏನನ್ನಿಸೀತು ಮಾರಾಯರೇ" ಎನ್ನುತ್ತಾರೆ. ಈ ಮರ್ಯಾದೆಯ ಗುಣ ನನಗೆ ಪ್ರಿಯವಾದದ್ದೇ. ಆದರೆ ಆ ದಿನ ಜಗಲಿಯಲ್ಲಿ ಕುಳಿತಿದ್ದವರಿಗೆ ಏನನ್ನಿಸಿತೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರೂ ಆ ವೈದ್ಯರೂ ಆಮೇಲೆ ಒಂದೇ ಕಾರಿನಲ್ಲಿ ಬಂದದ್ದನ್ನು ನಾನು ನೋಡಲಿಲ್ಲ. ನಿಯಮ ಅನುಮತಿಸುವಲ್ಲಿ ಎರಡು ಪ್ರತ್ಯೇಕ ನಾಮಪತ್ರಗಳನ್ನು, ಬೇರೆ ಬೇರೆ ಸೂಚಕರು ಮತ್ತು ಅನುಮೋದಕರಿಂದ, ಸಲ್ಲಿಸುವುದು ಒಳ್ಳೆಯದು. ಒಂದು ಬಿದ್ದರೆ ಇನ್ನೊಂದು ಉಳಿಯುತ್ತದೆ, ಸ್ನೇಹವೂ ಉಳಿಯುತ್ತದೆ.

ಪರಿಶೀಲನೆಯ ಮೇಜಿನ ಮುಂದೆ ಬಾಕಿ ಕಟ್ಟಿದರೆ ಯಾಕೆ ಒಪ್ಪುವುದಿಲ್ಲ ಎಂದು ನನ್ನಲ್ಲಿ ಕೋಪಿಸಿಕೊಂಡವರಿದ್ದಾರೆ. ಒಬ್ಬರಿಗೆ ಒಪ್ಪಿದರೆ, ಬಾಕಿಯಿರುವ ಕಾರಣಕ್ಕೆ ಪಟ್ಟಿಯಿಂದ ಹೊರಗುಳಿದು ಮನೆಯಲ್ಲೇ ಕುಳಿತಿರುವ ನಲವತ್ತು ಮಂದಿಗೆ ನಾನೇನು ಉತ್ತರ ಕೊಡಲಿ? ಅವರಿಗೂ ಅದೇ ಅವಕಾಶ ಸಿಗಬೇಕಿತ್ತಲ್ಲವೇ? ಸೋತವರು ಕೋರ್ಟಿಗೆ ಹೋಗುವುದು ಇಂಥ ಸಣ್ಣ ಉಪಕಾರಗಳನ್ನು ಹಿಡಿದುಕೊಂಡೇ, ಮತ್ತು ಮೊಕದ್ದಮೆ ನಡೆಯುವಷ್ಟು ಕಾಲ ಬ್ಯಾಂಕು ಯಾರ ರುಜುವನ್ನು ಒಪ್ಪಬೇಕೆಂದು ತಿಳಿಯದೆ ಸಂಘದ ಕ್ಷೇಮನಿಧಿ ಸ್ತಬ್ಧವಾಗುತ್ತದೆ.

ಅದಕ್ಕಾಗಿ ಈಚೆಗೆ ನಾನು ಒಂದು ಷರತ್ತು ಹಾಕಿಯೇ ಈ ಕೆಲಸವನ್ನು ಒಪ್ಪಿಕೊಳ್ಳುತ್ತೇನೆ. ನಾಮಪತ್ರ ಸಲ್ಲಿಕೆ ಆರಂಭವಾಗುವ 15 ದಿನ ಮೊದಲು ಮತದಾರರ ಕರಡು ಪಟ್ಟಿಯನ್ನು ಕನ್ನಡ ಮತ್ತು ಮಲಯಾಳ ಎರಡರಲ್ಲೂ ಪ್ರಕಟಿಸಬೇಕು, ಪ್ರತಿ ಹೆಸರಿನ ಎದುರು ರಸೀದಿ ಸಂಖ್ಯೆ ಮತ್ತು ತಾರೀಕು ಇರಬೇಕು, ಆಕ್ಷೇಪಕ್ಕೆ ಒಂದು ವಾರ ಕೊಡಬೇಕು. ನಿಮ್ಮ ಹೆಸರಿನ ಎದುರಿನ ಜಾಗ ಖಾಲಿಯಿದ್ದರೆ, ಅಥವಾ ನಿಮ್ಮ ನಾಮಪತ್ರಕ್ಕೆ ರುಜು ಹಾಕಲಿರುವವರ ಹೆಸರಿನ ಎದುರು ಖಾಲಿಯಿದ್ದರೆ, ರಸೀದಿಯ ಪ್ರತಿಯೊಂದಿಗೆ ಆ ವಾರದೊಳಗೆ ಬರವಣಿಗೆಯಲ್ಲಿ ಕೊಡಿ. ಪರಿಶೀಲನೆಯ ದಿನ ತಂದರೆ ನಾನು ಅದನ್ನು ನೋಡಲಾರೆ.