ಯುವನಿಧಿ ಹಣ ನಾಲ್ಕು ತಿಂಗಳು ಬಂದು ನಿಂತುಹೋಯಿತು. ಯಾರನ್ನು ಕೇಳಬೇಕು?

ಪ್ರಶ್ನೆ: ಬಿ.ಕಾಂ. ಮುಗಿಸಿ, ನಿರುದ್ಯೋಗಿ ಪದವೀಧರರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿ ಭತ್ಯೆಗೆ ಅರ್ಜಿ ಹಾಕಿದ್ದೆ. ಮೊದಲು ಸರಿಯಾಗಿ ಬರುತ್ತಿದ್ದ ಹಣ ಈಗ ನಿಂತಿದೆ. ಬ್ಯಾಂಕಿನವರು “ಆಧಾರ್ ಲಿಂಕ್ ಆಗಿದೆ, ನಮ್ಮ ಕಡೆ ಏನೂ ತೊಂದರೆ ಇಲ್ಲ” ಎನ್ನುತ್ತಾರೆ. ಗ್ರಾಮ ಒನ್‌ನಲ್ಲಿ ಕೇಳಿದರೆ “ಅರ್ಜಿ ಮಂಜೂರಾಗಿದೆ, ಬ್ಯಾಂಕಿನಲ್ಲಿ ಕೇಳಿ” ಎನ್ನುತ್ತಾರೆ. ನಾನು ಎಲ್ಲಿಗೆ ಹೋಗಲಿ?

ಉತ್ತರ: ಇಬ್ಬರೂ ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಅವರವರಿಗೆ ಅವರವರ ಪರದೆ ಮಾತ್ರ ಕಾಣುತ್ತದೆ. ಆದ್ದರಿಂದ ಮತ್ತೆ ಸಾಲಿನಲ್ಲಿ ನಿಲ್ಲುವ ಮೊದಲು ಹಣ ಎಲ್ಲಿ ತಡೆಯಿತು ಎಂಬುದನ್ನು ನೀವೇ ನೋಡಿಕೊಳ್ಳಿ. ಮೊಬೈಲಿನಲ್ಲೇ ಆಗುವ ಕೆಲಸ ಇದು.

ನಾಲ್ಕು ತಿಂಗಳು ಬಂದು ನಿಂತಿದೆ ಎಂದರೆ ನಿಮ್ಮ ಅರ್ಹತೆಯ ಬಗ್ಗೆ ಆರಂಭದಲ್ಲಿ ತಕರಾರು ಇರಲಿಲ್ಲ ಎಂದಾಯಿತು. ಹಾಗಾಗಿ ಮೊದಲು ನೋಡಬೇಕಾದದ್ದು ಸ್ವಯಂ ಘೋಷಣೆ. “ನಾನು ಇನ್ನೂ ನಿರುದ್ಯೋಗಿ, ಮುಂದಿನ ಓದಿಗೂ ಸೇರಿಲ್ಲ, ಸ್ವಯಂ ಉದ್ಯೋಗವನ್ನೂ ಮಾಡುತ್ತಿಲ್ಲ” ಎಂದು ಸೇವಾ ಸಿಂಧು ಪೋರ್ಟಲ್‌ನಲ್ಲಿ ಅಭ್ಯರ್ಥಿಯೇ ಆಗಾಗ ದೃಢಪಡಿಸಬೇಕು. ಯೋಜನೆ ಶುರುವಾದಾಗ ಪ್ರತಿ ತಿಂಗಳು 25ರೊಳಗೆ ಎಂಬ ನಿಯಮವಿತ್ತು; ಆಮೇಲೆ ಅದನ್ನು ಮೂರು ತಿಂಗಳಿಗೊಮ್ಮೆ ಎಂದು ಸಡಿಲಿಸಲಾಯಿತು. ಅಭ್ಯರ್ಥಿಗಳಿಗೆ ಅನುಕೂಲವಾಗಲೆಂದು ಮಾಡಿದ ಈ ಬದಲಾವಣೆಯಲ್ಲಿ ಒಂದು ಪೇಚೂ ಇದೆ. ಪ್ರತಿ ತಿಂಗಳ ಕೆಲಸ ರೂಢಿಯಾಗುತ್ತದೆ, ಮೂರು ತಿಂಗಳಿಗೊಮ್ಮೆ ಬರುವುದು ಮರೆತುಹೋಗುತ್ತದೆ. ಅರ್ಜಿ ಹಾಕಿದ್ದೇ ಸಾಕು, ಮುಂದಿನದು ತಾನಾಗಿ ನಡೆಯುತ್ತದೆ ಎಂದುಕೊಂಡವರದ್ದೇ ಹೆಚ್ಚು ನಿಲ್ಲುತ್ತದೆ. ಪೋರ್ಟಲ್‌ಗೆ ಲಾಗಿನ್ ಆಗಿ ಘೋಷಣೆ ಬಾಕಿ ಇದೆಯೇ ನೋಡಿ, ಇದ್ದರೆ ಕೊಡಿ. ಒಟಿಪಿ ಆಧಾರ್‌ಗೆ ಜೋಡಿಸಿದ ನಂಬರಿಗೇ ಬರುತ್ತದೆ. ಕಾಲೇಜು ದಿನಗಳ ಸಿಮ್ ಬಿಟ್ಟು ಹೊಸ ನಂಬರ್ ತೆಗೆದುಕೊಂಡಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿಕೊಳ್ಳಬೇಕು.

ಘೋಷಣೆ ಸರಿಯಾಗಿದೆ ಎಂದಾದರೆ ಮುಂದಿನದು ಬ್ಯಾಂಕ್ ಖಾತೆ. ಜನ ಹೆಚ್ಚು ಎಡವುವುದು ಇಲ್ಲಿಯೇ. ಯುವನಿಧಿ ಹಣ ನಿಮ್ಮ ಖಾತೆ ಸಂಖ್ಯೆಯನ್ನು ನೋಡಿ ಬರುವುದಿಲ್ಲ, ಆಧಾರ್ ಸಂಖ್ಯೆಯನ್ನು ನೋಡಿ ಬರುತ್ತದೆ. ಯಾವ ಆಧಾರ್‌ಗೆ ಯಾವ ಬ್ಯಾಂಕು ಎಂಬ ಪಟ್ಟಿಯನ್ನು ಬ್ಯಾಂಕುಗಳ ನಡುವಿನ ಹಣ ಪಾವತಿ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಸಂಸ್ಥೆ ಇಟ್ಟುಕೊಂಡಿದೆ. ಒಂದು ಆಧಾರ್‌ಗೆ ಅಲ್ಲಿ ಒಂದೇ ಬ್ಯಾಂಕು. ಕೊನೆಯದಾಗಿ ಯಾವುದು ಸೇರಿತೋ ಅದೇ ಉಳಿಯುತ್ತದೆ, ಹಳೆಯದು ಅಳಿಸಿಹೋಗುತ್ತದೆ. ಬ್ಯಾಂಕಿನ ಗುಮಾಸ್ತರು “ಲಿಂಕ್ ಆಗಿದೆ” ಎನ್ನುವುದು ಸಾಮಾನ್ಯವಾಗಿ ಕೆವೈಸಿಗಾಗಿ, ಅಂದರೆ ಗ್ರಾಹಕರ ಗುರುತು ಖಚಿತಪಡಿಸಲು, ಆಧಾರ್ ಕೊಟ್ಟಿದ್ದೀರಿ ಎಂಬ ಅರ್ಥದಲ್ಲಿ. ಅದು ಬೇರೆ, ಈ ಪಟ್ಟಿಯಲ್ಲಿ ಹೆಸರಿರುವುದು ಬೇರೆ. ಎರಡನೆಯದಕ್ಕೆ ಬ್ಯಾಂಕಿನವರು ಸೀಡಿಂಗ್ ಎನ್ನುತ್ತಾರೆ. ಕೌಂಟರಿನಲ್ಲಿ ಅದೇ ಪದ ಬಳಸಿ ಕೇಳಿ.

ನಡೆಯುವುದು ಹೀಗೆ: ಸ್ಕಾಲರ್‌ಶಿಪ್‌ಗೆಂದು ಓದುವಾಗ ತೆರೆದ ಖಾತೆಗೆ ಯುವನಿಧಿಯೂ ಬರುತ್ತಿರುತ್ತದೆ. ನಡುವೆ ಎಲ್ಲೋ ಮೊಬೈಲ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದಿರುತ್ತೀರಿ, ಜೊತೆಗೆ ಬಂದ ಒಪ್ಪಿಗೆಗೆ ಟಿಕ್ ಹಾಕಿರುತ್ತೀರಿ. ಅಂದಿನಿಂದ ಹಣ ಹೊಸ ಖಾತೆಗೆ ಜಮೆಯಾಗುತ್ತಾ ಹೋಗುತ್ತದೆ, ನೀವು ಹಳೆಯ ಪಾಸ್‌ಬುಕ್ ಹಿಡಿದು ಎಂಟ್ರಿ ಹಾಕಿಸುತ್ತಲೇ ಇರುತ್ತೀರಿ. ಇದನ್ನು ತಿಳಿಯಲು ರಾಜ್ಯ ಸರ್ಕಾರದ ಡಿಬಿಟಿ (ನೇರ ನಗದು ವರ್ಗಾವಣೆ) ಕರ್ನಾಟಕ ಆ್ಯಪ್ ಸಾಕು. ಆಧಾರ್ ಒಟಿಪಿ ಕೊಟ್ಟು, ಎಂ-ಪಿನ್ ಇಟ್ಟುಕೊಂಡರೆ ಯಾವ ಯೋಜನೆಯ ಹಣ ಯಾವ ದಿನಾಂಕದಂದು ಯಾವ ಬ್ಯಾಂಕಿಗೆ ಹೋಗಿದೆ ಎಂಬುದು ಕಾಣುತ್ತದೆ. ಆಧಾರ್ ಯಾವ ಬ್ಯಾಂಕಿಗೆ ಸೀಡ್ ಆಗಿದೆ ಎಂಬುದೂ ಅಲ್ಲಿದೆ.

ಆ್ಯಪ್‌ನಲ್ಲಿ ಕಾಣುವುದನ್ನು ಹೀಗೆ ಓದಿಕೊಳ್ಳಿ. ಹಣ ಪಾವತಿಯಾಗಿದೆ, ಬ್ಯಾಂಕಿನ ಹೆಸರು ಬೇರೆ ಇದೆ ಎಂದರೆ ಹಣ ಕಳೆದುಹೋಗಿಲ್ಲ, ಆ ಖಾತೆಯಲ್ಲಿದೆ. ನಿಮಗೆ ಬೇಕಾದ ಬ್ಯಾಂಕಿಗೆ ಹೋಗಿ ಆಧಾರ್ ಸೀಡಿಂಗ್ ಒಪ್ಪಿಗೆ ನಮೂನೆ ಬರೆದುಕೊಟ್ಟರೆ ಮುಂದಿನ ಕಂತುಗಳು ಅಲ್ಲಿಗೆ ಬರುತ್ತವೆ. ಬ್ಯಾಂಕಿನ ಹೆಸರು ಸರಿಯಿದ್ದೂ ಪಾವತಿ ವಿಫಲವಾಗಿದ್ದರೆ ಖಾತೆಯೇ ನಿಷ್ಕ್ರಿಯವಾಗಿರಬಹುದು, ಕೆವೈಸಿ ನವೀಕರಣ ಬಾಕಿ ಇರಬಹುದು, ಅಥವಾ ಅದು ವರ್ಷಕ್ಕೆ ಒಂದು ಲಕ್ಷ ರೂಪಾಯಿಗಿಂತ ಹೆಚ್ಚು ಜಮೆಯಾಗಲು ಬಿಡದ ‘ಸಣ್ಣ ಖಾತೆ’ ಆಗಿರಬಹುದು. ಇವೆಲ್ಲ ಬ್ಯಾಂಕಿನಲ್ಲೇ ಬಗೆಹರಿಯುವ ವಿಷಯ. ಆ ತಿಂಗಳ ಸಾಲೇ ಆ್ಯಪ್‌ನಲ್ಲಿ ಇಲ್ಲವಾದರೆ ಬ್ಯಾಂಕಿಗೆ ಹೋಗಿ ಪ್ರಯೋಜನವಿಲ್ಲ. ನಿಮ್ಮ ಜೊತೆಗೇ ಅರ್ಜಿ ಹಾಕಿದ ಗೆಳೆಯರನ್ನು ವಿಚಾರಿಸಿ. ಅವರಿಗೂ ಬಂದಿಲ್ಲ ಎಂದರೆ ಸರ್ಕಾರದಿಂದ ಬಿಡುಗಡೆಯೇ ತಡವಾಗಿದೆ, ಕಾಯುವುದೊಂದೇ ದಾರಿ. ಅವರಿಗೆ ಬಂದು ನಿಮಗೆ ಮಾತ್ರ ಇಲ್ಲವೆಂದರೆ ಅರ್ಜಿ ಸಂಖ್ಯೆ, ಆಧಾರ್, ಅಂಕಪಟ್ಟಿ, ಘೋಷಣೆಯ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಹೋಗಿ. ಯೋಜನೆ ಕೌಶಲ್ಯಾಭಿವೃದ್ಧಿ ಇಲಾಖೆಯದ್ದು. ಗ್ರಾಮ ಒನ್ ಅರ್ಜಿ ಹಾಕಿಕೊಡುವ ಜಾಗ ಮಾತ್ರ, ತಡೆ ತೆಗೆಯುವ ಅಧಿಕಾರ ಅಲ್ಲಿಲ್ಲ.

ಅರ್ಹತೆಯೇ ಮುಗಿದಿದ್ದರೆ ಈ ಓಡಾಟ ಯಾವುದೂ ಬೇಡ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಅದೂ ಗರಿಷ್ಠ ಎರಡು ವರ್ಷ. ನೋಂದಣಿ ಶುರುವಾದದ್ದು 2023ರ ಡಿಸೆಂಬರ್ 26ರಂದು, ಮೊದಲ ಪಾವತಿಗೆ ಶಿವಮೊಗ್ಗದಲ್ಲಿ ಚಾಲನೆ ಸಿಕ್ಕಿದ್ದು 2024ರ ಜನವರಿ 12ರಂದು. 2022-23ರ ಸಾಲಿನಲ್ಲಿ ತೇರ್ಗಡೆಯಾದ ಆ ಮೊದಲ ತಂಡದವರಲ್ಲಿ ಆರಂಭದಿಂದಲೇ ಪಡೆದವರ ಎರಡು ವರ್ಷ ತುಂಬಿದೆ. ಅವರಿಗೆ ನಿಂತದ್ದು ತಾಂತ್ರಿಕ ದೋಷದಿಂದಲ್ಲ.

ಎಂ.ಕಾಂ.ಗೋ ಬಿ.ಎಡ್.ಗೋ ಸೇರಿದರೂ ಹಕ್ಕು ಹೋಗುತ್ತದೆ. ಕೆಲಸ ಸಿಕ್ಕರೂ ಅಷ್ಟೇ, ಸಂಬಳ ಎಷ್ಟೇ ಕಡಿಮೆಯಿರಲಿ. “ಎರಡು ತಿಂಗಳು ಮಾತ್ರ ಹೋಗಿ ಬಿಟ್ಟೆ, ಯಾರಿಗೆ ಗೊತ್ತಾಗುತ್ತದೆ” ಎಂದುಕೊಂಡು ಘೋಷಣೆ ಒತ್ತಬೇಡಿ. ಪಿ.ಎಫ್. ಹಿಡಿದಿದ್ದರೆ ನಿಮ್ಮ ಪಿ.ಎಫ್. ಗುರುತಿನ ಸಂಖ್ಯೆಯಾದ ಯುಎಎನ್ ಆಧಾರ್‌ಗೆ ಅಂಟಿಕೊಂಡಿರುತ್ತದೆ, ಕೆಲಸ ಬಿಟ್ಟರೂ ಆ ದಾಖಲೆ ಅಳಿಯುವುದಿಲ್ಲ. ಸುಳ್ಳು ಘೋಷಣೆಗೆ ದಂಡದ ನಿಯಮವೂ ಇದೆ.

ಅಪ್ರೆಂಟಿಸ್‌ಶಿಪ್ ವೇತನ ಪಡೆಯುವವರೂ ಯುವನಿಧಿಗೆ ಅರ್ಹರಲ್ಲ. ಇದನ್ನು ಕೇಳಿ ತರಬೇತಿಯ ಅವಕಾಶವನ್ನೇ ಬಿಡುವವರಿದ್ದಾರೆ. ನಮ್ಮ ಪ್ರಕಾರ ಅದು ತಪ್ಪು ಲೆಕ್ಕ. 2019ರ ಅಪ್ರೆಂಟಿಸ್‌ಶಿಪ್ ನಿಯಮಗಳ ಪ್ರಕಾರವೇ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಕೊಡಬೇಕು. ಯುವನಿಧಿಯಲ್ಲಿ ಎರಡು ವರ್ಷ ಒಂದು ಕಂತೂ ತಪ್ಪದೆ ಬಂದರೂ ಪದವೀಧರರ ಕೈಗೆ ಸಿಗುವುದು 72,000. ಅಪ್ರೆಂಟಿಸ್‌ಶಿಪ್‌ನಲ್ಲಿ ಎಂಟು ತಿಂಗಳಿಗೇ ಅಷ್ಟಾಗುತ್ತದೆ, ಮುಗಿದ ಮೇಲೆ ಪ್ರಮಾಣಪತ್ರವೂ ಉಳಿಯುತ್ತದೆ. ನಿಂತ ಕಂತಿನ ಬೆನ್ನು ಹತ್ತಿರುವಾಗಲೇ ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್‌ನಲ್ಲೂ ಕೇಂದ್ರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲೂ ಹೆಸರು ಹಾಕಿಡಿ. ಹೆಸರು ಹಾಕಿದ ಮಾತ್ರಕ್ಕೆ ಯುವನಿಧಿ ನಿಲ್ಲುವುದಿಲ್ಲ. ತರಬೇತಿಗೆ ಸೇರಿ ವೇತನ ಶುರುವಾದಾಗ ಘೋಷಣೆಯಲ್ಲಿ ಅದನ್ನು ತಿಳಿಸಿದರಾಯಿತು.