ಐಟಿ ಕೆಲಸಕ್ಕೆ ಬಿ.ಇ. ಯಾಕೆ ಬೇಕಾಯಿತು?

ಸಿವಿಲ್ ಇಂಜಿನಿಯರಿಂಗ್ ಓದಿದ ಹುಡುಗ ವಿಮಾ ಕಂಪನಿಯ ಸಾಫ್ಟ್‌ವೇರ್ ಬರೆಯಬಹುದು. ಗಣಿತ, ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡು ಬಿ.ಎಸ್ಸಿ. ಮಾಡಿದ ಹುಡುಗಿ ಅದೇ ಕೆಲಸಕ್ಕೆ ಅರ್ಜಿಯನ್ನೂ ಹಾಕುವಂತಿಲ್ಲ. ಬೆಂಗಳೂರಿನ ದೊಡ್ಡ ಐಟಿ ಕಂಪನಿಗಳ ಕ್ಯಾಂಪಸ್ ಸೆಲೆಕ್ಷನ್ ಬಹಳ ವರ್ಷ ನಡೆದದ್ದು ಹೆಚ್ಚುಕಡಿಮೆ ಹೀಗೆಯೇ. ಡಿಪ್ಲೊಮಾದವರನ್ನಂತೂ ಕೇಳುವವರೇ ಇರಲಿಲ್ಲ. ಡಿಗ್ರಿ ಮುಖ್ಯವೋ ಅನುಭವ ಮುಖ್ಯವೋ ಎಂದು ಇವತ್ತು ವಾದ ಮಾಡುವವರು ಈ ನಿಯಮ ಬಂದದ್ದೆಲ್ಲಿಂದ ಎಂದು ಕೇಳುವುದು ಕಡಿಮೆ. ಕೇಳಲೇಬೇಕು, ಏಕೆಂದರೆ ಕೆಲಸಕ್ಕೆ ಬೇಕಾದ ವಿದ್ಯೆಗೂ ಈ ನಿಯಮಕ್ಕೂ ಇದ್ದ ನಂಟು ತೀರ ತೆಳು.

ನಮ್ಮಲ್ಲಿ ಕಂಪ್ಯೂಟರ್ ಕೆಲಸ ಶುರುವಾದಾಗ ಕಂಪ್ಯೂಟರ್ ಡಿಗ್ರಿ ಎಂಬುದೇ ಇರಲಿಲ್ಲ. ಐಐಟಿ ಕಾನ್ಪುರಕ್ಕೆ ಐಬಿಎಂ 1620 ಯಂತ್ರ ಬಂದದ್ದು 1963ರಲ್ಲಿ. ಅದರ ಮೇಲೆ ಪ್ರೋಗ್ರಾಮಿಂಗ್ ಕಲಿತವರು ಬೇರೆಬೇರೆ ವಿಷಯ ಓದಿದವರು. ಮುಂದೆ ಇನ್ಫೋಸಿಸ್ ಕಟ್ಟಿದ, ಮೈಸೂರಿನ ಎನ್‌ಐಇ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಮುಗಿಸಿದ ಎನ್.ಆರ್. ನಾರಾಯಣ ಮೂರ್ತಿ ಎಂ.ಟೆಕ್.ಗೆಂದು ಕಾನ್ಪುರಕ್ಕೆ ಹೋದದ್ದು ಆ ದಶಕದ ಕೊನೆಯಲ್ಲಿ. ವಿಪ್ರೋದ ಅಜೀಂ ಪ್ರೇಮ್‌ಜಿ 1966ರಲ್ಲಿ ತಂದೆ ತೀರಿಕೊಂಡಾಗ ಸ್ಟ್ಯಾನ್‌ಫರ್ಡ್ ಓದನ್ನು ಅರ್ಧಕ್ಕೇ ಬಿಟ್ಟು ಬಂದವರು. ಅವರ ಡಿಗ್ರಿ ಪೂರ್ತಿಯಾದದ್ದು ದಶಕಗಳ ನಂತರ. 1981ರಲ್ಲಿ ಶುರುವಾದ ಎನ್‌ಐಐಟಿ, 1986ರಲ್ಲಿ ಬಂದ ಆಪ್ಟೆಕ್ ಎಂಬ ಕಂಪ್ಯೂಟರ್ ತರಬೇತಿ ಸಂಸ್ಥೆಗಳ ಸರ್ಟಿಫಿಕೇಟು ಹಿಡಿದು ಕೆಲಸಕ್ಕೆ ಸೇರಿದವರೂ ಆ ಕಾಲದಲ್ಲಿ ಕಡಿಮೆಯೇನಿಲ್ಲ. ಕೋಬಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬರುತ್ತದೆಯೇ ಎಂಬುದು ಮುಖ್ಯವಾಗಿತ್ತು, ಎಲ್ಲಿ ಕಲಿತೆ ಎಂಬುದಲ್ಲ.

ತೊಂಬತ್ತರ ದಶಕ ಇದನ್ನೆಲ್ಲ ಬದಲಿಸಿತು. ಉದಾರೀಕರಣ, ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕು, ಆಮೇಲೆ ವೈ2ಕೆ, ಅಂದರೆ 2000ನೇ ಇಸವಿಗೆ ಹಳೆಯ ಪ್ರೋಗ್ರಾಂಗಳನ್ನು ತಿದ್ದುವ ಕೆಲಸ. ಹತ್ತಾರು ಜನರನ್ನು ನೋಡಿ, ಮಾತಾಡಿಸಿ ತೆಗೆದುಕೊಳ್ಳುತ್ತಿದ್ದ ಕಂಪನಿಗಳಿಗೆ ಸಾವಿರಗಟ್ಟಲೆ ಜನ ಬೇಕಾದರು. ಅರ್ಜಿಗಳು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಒಬ್ಬೊಬ್ಬರನ್ನೂ ಪರೀಕ್ಷಿಸುವ ವ್ಯವಧಾನವಿಲ್ಲದಾಗ ಜರಡಿ ಹಿಡಿಯುವುದು ಸುಲಭ. ಬಿ.ಇ. ಇರಬೇಕು, ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮೂರರಲ್ಲೂ ಶೇ. 60 ಇರಬೇಕು, ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇರಬಾರದು. ಪಿಯುಸಿ ಹೊತ್ತಿಗೆ ಕನ್ನಡ ಮಾಧ್ಯಮದಿಂದ ಏಕಾಏಕಿ ಇಂಗ್ಲಿಷಿಗೆ ಬಿದ್ದು 57 ಪರ್ಸೆಂಟ್ ತೆಗೆದ ಹಳ್ಳಿಯ ಮಕ್ಕಳು, ಮುಂದೆ ಇಂಜಿನಿಯರಿಂಗ್‌ನಲ್ಲಿ ಎಷ್ಟೇ ಚೆನ್ನಾಗಿ ಓದಿದರೂ ಆ ಜರಡಿಯಲ್ಲಿ ನಿಲ್ಲಲಿಲ್ಲ.

ಈ ಬೇಡಿಕೆಗೆ ತಕ್ಕಂತೆ ಕರ್ನಾಟಕದಲ್ಲಿ ಸೀಟುಗಳೂ ಸಿದ್ಧವಾಗುತ್ತಿದ್ದವು. ಸೀಟಿಗೆಂದು ಕಾಲೇಜುಗಳು ಕೇಳುತ್ತಿದ್ದ ಕ್ಯಾಪಿಟೇಶನ್ ಶುಲ್ಕದ ವಿರುದ್ಧ 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ, ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಸಿಇಟಿ ಬಂತು, 1998ರಲ್ಲಿ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು. ಸಿಇಟಿ ಎಷ್ಟೋ ಬಡ ಮನೆಗಳಿಗೆ ಬೆಳಕಾಯಿತು ಎಂಬುದನ್ನು ಮರೆಯುವ ಹಾಗಿಲ್ಲ. ಆದರೆ ಜಮೀನು ಅಡವಿಟ್ಟು ಮ್ಯಾನೇಜ್‌ಮೆಂಟ್ ಸೀಟು ಕೊಡಿಸಿದ ಅಪ್ಪಂದಿರೂ ನಮ್ಮ ನಡುವೆಯೇ ಇದ್ದಾರೆ.

ಕಂಪನಿಗಳು ಬಿ.ಇ.ಯೇ ಬೇಕೆಂದು ಪಟ್ಟು ಹಿಡಿಯಲು ಅರ್ಜಿಗಳ ಒತ್ತಡ ಒಂದು ಕಾರಣ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಬಲವಾದದ್ದು ಅಮೆರಿಕದ ವೀಸಾ. ಅಲ್ಲಿನ 1990ರ ವಲಸೆ ಕಾಯ್ದೆ ಎಚ್-1ಬಿ ವೀಸಾಕ್ಕೆ ಈಗಿನ ರೂಪ ಕೊಟ್ಟಿತು. ಕನಿಷ್ಠ ಬ್ಯಾಚುಲರ್ ಡಿಗ್ರಿ ಬೇಡುವ ವಿಶೇಷ ಪರಿಣತಿಯ ಕೆಲಸಕ್ಕೆ ಮಾತ್ರ ಈ ವೀಸಾ. ಅಮೆರಿಕದ ಬ್ಯಾಚುಲರ್ ಡಿಗ್ರಿ ನಾಲ್ಕು ವರ್ಷದ್ದು. ನಮ್ಮ ಬಿ.ಇ. ಕೂಡ ನಾಲ್ಕು ವರ್ಷ, ಲೆಕ್ಕ ಸರಿಹೋಯಿತು. ಬಿ.ಎಸ್ಸಿ., ಬಿಸಿಎ ಮೂರೇ ವರ್ಷ, ಒಂದು ವರ್ಷ ಕಡಿಮೆ. ಆ ಕೊರತೆಯನ್ನು ಅನುಭವದಿಂದ ತುಂಬಿಕೊಳ್ಳಲು ನಿಯಮದಲ್ಲಿ ಅವಕಾಶವೇನೋ ಇದೆ. ಆದರೆ ಕಾಲೇಜಿನ ಒಂದು ವರ್ಷಕ್ಕೆ ಮೂರು ವರ್ಷದ ಅನುಭವ ಸಮ. ಕಾಲೇಜಿಗೇ ಹೋಗದವರಿಗೆ ಹನ್ನೆರಡು ವರ್ಷ. ಡಿಗ್ರಿಗೂ ಅನುಭವಕ್ಕೂ ಸರ್ಕಾರವೊಂದು ಹೀಗೆ ಅಧಿಕೃತವಾಗಿ ವಿನಿಮಯ ದರ ಕಟ್ಟಿದ್ದು ಅಪರೂಪ. ಬೇಕೆಂದಾಗ ನ್ಯೂಜೆರ್ಸಿಗೆ ವಿಮಾನ ಹತ್ತಿಸಬಹುದಾದವರನ್ನೇ ಕಂಪನಿಗಳು ತೆಗೆದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಆನ್‌ಸೈಟ್, ಅಂದರೆ ಗ್ರಾಹಕರ ದೇಶಕ್ಕೆ, ಹೋಗದೆ ಇಲ್ಲೇ ಕೂತು ಟೆಸ್ಟಿಂಗ್ ಮಾಡುವವರಿಗೂ ಅದೇ ನಿಯಮ ಅಂಟಿಕೊಂಡಿತು.

ಬಿ.ಇ. ತರಗತಿಯಲ್ಲಿ ಕಲಿತದ್ದು ಕೆಲಸಕ್ಕೆ ಸಾಲದು ಎಂಬುದು ಕಂಪನಿಗಳಿಗೇ ಗೊತ್ತಿತ್ತು. ತಾಂತ್ರಿಕ ಪದವೀಧರರಲ್ಲಿ ಕಾಲುಭಾಗದಷ್ಟು ಜನ ಮಾತ್ರ ಈ ಕೆಲಸಕ್ಕೆ ತಕ್ಕವರು ಎಂದು 2005ರಲ್ಲಿ ಐಟಿ ಉದ್ಯಮದ ಸಂಘಟನೆ ನಾಸ್ಕಾಂ ಮತ್ತು ಸಲಹಾ ಸಂಸ್ಥೆ ಮೆಕಿನ್ಸಿಯ ವರದಿ ಹೇಳಿತು. ಇನ್ಫೋಸಿಸ್ ಮೈಸೂರಿನಲ್ಲಿ ಒಂದೇ ಸಲಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ತರಬೇತಿ ಕೊಡುವಷ್ಟು ದೊಡ್ಡ ಕ್ಯಾಂಪಸ್ ಕಟ್ಟಿತು. ಮೆಕ್ಯಾನಿಕಲ್ ಓದಿದವರೂ ಸಿವಿಲ್ ಓದಿದವರೂ ಅಲ್ಲಿ ತಿಂಗಳುಗಟ್ಟಲೆ ಕೂತು ಜಾವಾ ಕಲಿತರು. ಹಾಗೆ ಮೊದಲಿನಿಂದ ಕಲಿಸುವುದಾದರೆ ಬಿ.ಎಸ್ಸಿ.ಯವರಿಗೆ ಯಾಕೆ ಕಲಿಸಬಾರದು? ಈ ಪ್ರಶ್ನೆಗೆ ವಿಪ್ರೋ 1995ರಲ್ಲೇ ಉತ್ತರ ಕೊಟ್ಟಿತ್ತು. ವಿಜ್ಞಾನ ಪದವೀಧರರನ್ನು ಕೆಲಸಕ್ಕೆ ತೆಗೆದುಕೊಂಡು, ಬಿಟ್ಸ್ ಪಿಲಾನಿಯ ಜೊತೆ ಸೇರಿ ಕೆಲಸ ಮಾಡುತ್ತಲೇ ಎಂ.ಎಸ್. ಓದಿಸುವ ಯೋಜನೆ ಅದು. ಚೆನ್ನೈನ ಜೊಹೊ ಇನ್ನೂ ಮುಂದೆ ಹೋಗಿ ಹನ್ನೆರಡನೇ ತರಗತಿ, ಡಿಪ್ಲೊಮಾ ಮುಗಿಸಿದವರನ್ನೇ ಕರೆದು ಕಲಿಸಿತು. ಡಿಗ್ರಿ ಇಲ್ಲದೆಯೂ ಕೆಲಸ ನಡೆಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇತ್ತ ಅನುಭವದ ಕಥೆಯೂ ನೇರವಾದದ್ದಲ್ಲ. ಎರಡು ಮೂರು ಪ್ರಾಜೆಕ್ಟ್ ಮುಗಿಸಿದವರನ್ನು ಯಾವ ಕಾಲೇಜು ಎಂದು ಯಾರೂ ಕೇಳುವುದಿಲ್ಲ, ನಿಜ. ಆದರೆ ಆ ಮೊದಲ ಕೆಲಸ ಸಿಗುವುದೇ ಡಿಗ್ರಿಯ ಬಾಗಿಲಿನಿಂದ. ಆ ಬಾಗಿಲು ಮುಚ್ಚಿದವರಿಗೆ ಬೆಂಗಳೂರಿನಲ್ಲಿ ಒಂದು ಕಳ್ಳದಾರಿಯೇ ಹುಟ್ಟಿಕೊಂಡಿತು: ದುಡ್ಡು ಕೊಟ್ಟರೆ ಎಕ್ಸ್‌ಪೀರಿಯನ್ಸ್ ಲೆಟರ್, ಸಂಬಳದ ಚೀಟಿ ಎಲ್ಲ ತಯಾರು ಮಾಡಿಕೊಡುವ ಕನ್ಸಲ್ಟೆನ್ಸಿಗಳು. ಅದನ್ನು ತಡೆಯಲು ಉದ್ಯಮ 2006ರಲ್ಲಿ ನೌಕರರ ಓದು, ಅನುಭವದ ವಿವರ ದಾಖಲಿಸುವ ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿ ತಂದಿತು. ಸುಳ್ಳು ಪತ್ರ ತಪ್ಪೇ. ಆದರೆ ಕೆಲಸ ಬಲ್ಲವರನ್ನೂ ಸುಳ್ಳಿನತ್ತ ತಳ್ಳಿದ ಜರಡಿಯನ್ನು ಪ್ರಶ್ನಿಸಿದವರು ಕಡಿಮೆ.

ಈಗ ಆ ಹಳೆಯ ಕಾರಣಗಳು ಒಂದೊಂದಾಗಿ ಸಡಿಲವಾಗುತ್ತಿವೆ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿತು. ಫ್ರೆಶರ್‌ಗಳನ್ನು ಅಲ್ಲಿಗೆ ಕಳಿಸುವ ಲೆಕ್ಕಾಚಾರಕ್ಕೆ ಇನ್ನು ಅರ್ಥವಿಲ್ಲ. ಎಚ್‌ಸಿಎಲ್ ಗಣಿತ ಓದಿದ ಹನ್ನೆರಡನೇ ತರಗತಿಯವರನ್ನೇ ತೆಗೆದುಕೊಳ್ಳುತ್ತಿದೆ. ಈ ನಡುವೆ ನಮ್ಮ ರಾಜ್ಯದಲ್ಲಿ ಮೂರು ವರ್ಷದ ಡಿಗ್ರಿಯನ್ನು 2021ರಲ್ಲಿ ನಾಲ್ಕಕ್ಕೆ ಏರಿಸಿ, 2024ರಲ್ಲಿ ಮತ್ತೆ ಮೂರಕ್ಕೆ ಇಳಿಸಲಾಯಿತು. ಸರ್ಕಾರಿ ಕಾಲೇಜಿನಲ್ಲಿ ಬಿಸಿಎ ಓದುವ ಮಕ್ಕಳಿಗೆ ಒಂದು ವರ್ಷದ ಖರ್ಚು ಉಳಿಯುತ್ತದೆ ಎಂಬ ಕಾರಣಕ್ಕೆ ನಾನು ಅದನ್ನು ಒಪ್ಪುತ್ತೇನೆ. ಆದರೆ ಆ ಮೂರು ವರ್ಷವನ್ನು ಕಂಪನಿಗಳು ಕೊರತೆ ಎಂದು ಎಣಿಸುವುದು ನಿಲ್ಲಬೇಕು. ಮೊದಲ ಹೆಜ್ಜೆಗೆ ದುಡ್ಡೂ ಬೇಡ, ಕಾನೂನೂ ಬೇಡ: ಇಪ್ಪತ್ತೆರಡರ ಯುವಕ, ಯುವತಿಯರಿಂದ ಹದಿನೈದನೇ ವಯಸ್ಸಿನ ಎಸ್ಸೆಸ್ಸೆಲ್ಸಿ ಅಂಕ ಕೇಳುವ ಆ ಕಾಲಮ್ಮನ್ನು ಅರ್ಜಿಯಿಂದ ತೆಗೆದುಹಾಕಲಿ.